ತೀವ್ರ ಆತಂಕ: ಮಾತ್ರೆ ಶುರು ಮಾಡೋದಾ, ಬೇರೆ ದಾರಿ ನೋಡೋದಾ?

ಡಾಕ್ಟರ್ ಚೀಟಿ ಬರೆದುಕೊಟ್ಟಿದ್ದಾರೆ. ಎಸ್ಸಿಟಾಲೊಪ್ರಾಮ್ ಅಂತಲೋ ಸರ್ಟ್ರಾಲಿನ್ ಅಂತಲೋ ಬರೆದಿದೆ. ಮೆಡಿಕಲ್‌ನಿಂದ ತಂದದ್ದೂ ಆಯಿತು. ಆದರೆ ಸ್ಟ್ರಿಪ್ ಮಾತ್ರ ಫ್ರಿಜ್ ಮೇಲೆ ಹಾಗೇ ಕೂತಿದೆ. ಮೊಬೈಲ್‌ನಲ್ಲಿ ಹುಡುಕಿದರೆ ಒಬ್ಬರಿಗೆ ಹೋದ ಜೀವ ಬಂದಿದೆ, ಇನ್ನೊಬ್ಬರಿಗೆ ಬದುಕೇ ಹಾಳಾಗಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ಮಾತು: "ಒಮ್ಮೆ ಶುರು ಮಾಡಿದ್ರೆ ಮತ್ತೆ ಬಿಡ್ಲಿಕ್ಕೆ ಆಗುದಿಲ್ಲಂತೆ ಮಾರಾಯ."

ಮುಂಬೈಯಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತಿರುತ್ತದೆ. ನನ್ನ ತಮ್ಮನಿಗೆ ಆತಂಕದ ಕಾಯಿಲೆ ಬಂದಾಗ ಡೊಂಬಿವಲಿಯ ನಮ್ಮ ಮನೆಯಲ್ಲೂ ನಡೆಯಿತು. ಆಗ ಡಾಕ್ಟರರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಯಾವ ಮಾತ್ರೆ, ಎಷ್ಟು ಡೋಸ್ ಅನ್ನೋದನ್ನು ನಿಮ್ಮನ್ನು ಪರೀಕ್ಷಿಸಿದವರೇ ಹೇಳಬೇಕು. ಆದರೆ ಅವರ ಮುಂದೆ ಕೂರುವ ಮೊದಲು ಯಾವ ದಾರಿಯಲ್ಲಿ ಏನು ಸಿಗುತ್ತದೆ, ಏನು ಕಷ್ಟ ಅಂತ ಗೊತ್ತಿದ್ದರೆ ಮಾತು ಸುಲಭ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆತಂಕ ನಿಮ್ಮ ಕೆಲಸ, ಊಟ, ನಿದ್ದೆಯನ್ನೇ ನುಂಗುತ್ತಿದ್ದರೆ ಮಾತ್ರೆ ಶುರು ಮಾಡೋದು ಒಳ್ಳೆಯದು, ಜೊತೆಗೆ ಥೆರಪಿಯೂ (ಮಾತಿನ ಮೂಲಕ ಕೊಡುವ ಚಿಕಿತ್ಸೆ) ಇರಲಿ. ಅಷ್ಟು ಜಾಸ್ತಿ ಇಲ್ಲದಿದ್ದರೆ ಥೆರಪಿ ಮೊದಲು. ರಾತ್ರಿ ಅರ್ಧ ಗುಳಿಗೆ ನುಂಗಿ ತಿಂಗಳುಗಟ್ಟಲೆ ಕಾಲ ತಳ್ಳೋದು ಮಾತ್ರ ಬೇಡವೇ ಬೇಡ. ಇದು ಯಾವ ಗುಳಿಗೆ ಅಂತ ಮುಂದೆ ಹೇಳುತ್ತೇನೆ.

ತೀವ್ರ ಅಂದರೆ ಎಷ್ಟು?

ಡಾಕ್ಟರರು ಜಿಎಡಿ-7 ಅನ್ನುವ ಏಳು ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ. ಹೋದ ಎರಡು ವಾರದಲ್ಲಿ ಚಿಂತೆ ತಡೆಯೋಕಾಗದೆ ಇದ್ದದ್ದು, ಚಡಪಡಿಕೆ, ಸಿಡುಕು, ಏನೋ ಕೆಟ್ಟದ್ದಾಗುತ್ತದೆ ಅನ್ನುವ ಭಯ ಎಷ್ಟು ದಿನ ಇತ್ತು ಅಂತ ಕೇಳುತ್ತಾರೆ. ಒಟ್ಟು 21 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧ್ಯಮ, 15 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ. ಮನೆಯಲ್ಲೇ ಕೂತು ಹಾಕಿಕೊಳ್ಳಬಹುದು. ಆದರೆ ಬರೀ ಅಂಕ ನೋಡಿ ಕಾಯಿಲೆ ಇದೆ ಅಂತ ತೀರ್ಮಾನ ಮಾಡೋಕಾಗಲ್ಲ.

ಅಂಕಕ್ಕಿಂತ ನನಗೆ ಮುಖ್ಯ ಅನ್ನಿಸೋದು ನೀವು ಏನೇನು ಬಿಟ್ಟಿದ್ದೀರಿ ಅನ್ನೋದು. ನನ್ನ ತಮ್ಮ ಫಾಸ್ಟ್ ಲೋಕಲ್ ಹತ್ತೋದನ್ನೇ ಬಿಟ್ಟಿದ್ದ. ಎದುರಿಗೆ ಬಂದ ಫಾಸ್ಟ್ ಬಿಟ್ಟು ಸ್ಲೋಗೆ ಕಾಯುತ್ತಿದ್ದ. ಸ್ಲೋ ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುತ್ತದೆ, ಎದೆ ಡವಡವ ಅಂದರೆ ಇಳಿದುಬಿಡಬಹುದು ಅಂತ. ಆಮೇಲೆ ಸ್ಲೋನಲ್ಲೂ ಬಾಗಿಲ ಪಕ್ಕ ಜಾಗ ಸಿಕ್ಕರೆ ಮಾತ್ರ ಹತ್ತುತ್ತಿದ್ದ. ಆಮೇಲೆ ಆಫೀಸಿಗೆ ರಜೆ ಹಾಕೋಕೆ ಶುರು ಮಾಡಿದ. ಮನೆಯವರಿಗೆಲ್ಲ ಅವನು ಸೋಮಾರಿ ಆದ ಅಂತಲೇ ಕಂಡಿತು. ಹೀಗೆ ಒಂದೊಂದಾಗಿ ಬದುಕು ಸಣ್ಣದಾಗುತ್ತಾ ಹೋಗುತ್ತಿದ್ದರೆ ಅದನ್ನು ತೀವ್ರ ಅಂತಲೇ ತಿಳಿಯಿರಿ.

ಮಾತ್ರೆಯ ಮಾತಿಗೆ ಮುಂಚೆ ರಕ್ತ ಪರೀಕ್ಷೆ ಆಗಲಿ. ಥೈರಾಯ್ಡ್ ಜಾಸ್ತಿ ಇದ್ದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ನಿದ್ದೆ ಬರಲ್ಲ. ರಕ್ತ ಕಡಿಮೆ ಇದ್ದರೂ ಎದೆಬಡಿತ ಜೋರಾಗುತ್ತದೆ. ಸಕ್ಕರೆ, ಬಿ12 ಕೂಡ ನೋಡಿಸಿ. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ಇಸಿಜಿಯೂ ಬೇಕು. ದಿನಕ್ಕೆ ನಾಲ್ಕೈದು ಲೋಟ ಫಿಲ್ಟರ್ ಕಾಫಿ ಕುಡಿಯೋರು ಅದನ್ನೂ ಡಾಕ್ಟರಿಗೆ ಹೇಳಿ. ರಾತ್ರಿ ನಿದ್ದೆಗೆ ಅಂತ ಪೆಗ್ ಹಾಕುವ ಅಭ್ಯಾಸ ಇದ್ದರೆ ಅದನ್ನೂ ಮುಚ್ಚಿಡಬೇಡಿ.

ಯೋಗ, ಧ್ಯಾನ, ಕಾದು ನೋಡೋದು

ಆತಂಕ ಸಣ್ಣದಾಗಿದ್ದು, ಪರೀಕ್ಷೆ ಅಥವಾ ಕೆಲಸ ಬದಲಾವಣೆಯಂಥ ಕಾರಣ ಕಣ್ಣೆದುರಿಗೇ ಇದ್ದರೆ ಕೆಲವು ವಾರ ಕಾಯೋದರಲ್ಲಿ ತಪ್ಪಿಲ್ಲ. ನಡಿಗೆ, ನಿದ್ದೆಗೊಂದು ಹೊತ್ತು, ಕಾಫಿ ಕಡಿಮೆ, ಇವೆಲ್ಲ ನಿಜವಾಗಿಯೂ ಕೆಲಸ ಮಾಡುತ್ತವೆ.

ಧ್ಯಾನದ ಬಗ್ಗೆ 2022ರಲ್ಲಿ ಅಮೆರಿಕದಲ್ಲಿ ಒಂದು ಒಳ್ಳೆಯ ಅಧ್ಯಯನ ಬಂತು. ಆತಂಕದ ಕಾಯಿಲೆ ಇದ್ದವರಲ್ಲಿ ಒಂದು ಗುಂಪಿಗೆ ಎಂಟು ವಾರದ ಧ್ಯಾನದ ತರಬೇತಿ, ಇನ್ನೊಂದಕ್ಕೆ ಎಸ್ಸಿಟಾಲೊಪ್ರಾಮ್. ಕೊನೆಗೆ ಎರಡರಲ್ಲೂ ಆತಂಕ ಹೆಚ್ಚುಕಡಿಮೆ ಒಂದೇ ಅಳತೆಗೆ ಇಳಿದಿತ್ತು. ಅಡ್ಡ ಪರಿಣಾಮ ಮಾತ್ರೆಯ ಗುಂಪಿನಲ್ಲಿ ಬಹಳ ಜಾಸ್ತಿ. ಇದನ್ನು ಓದಿ "ನೋಡಿ, ಮಾತ್ರೆ ಬೇಕಿಲ್ಲ" ಅನ್ನೋರು ಒಂದು ವಿಷಯ ಗಮನಿಸಬೇಕು. ಅದು ಮನೆಯಲ್ಲಿ ಐದು ನಿಮಿಷ ಕಣ್ಣು ಮುಚ್ಚಿ ಕೂರೋದಲ್ಲ. ವಾರಕ್ಕೊಂದು ಎರಡೂವರೆ ಗಂಟೆಯ ಕ್ಲಾಸು, ದಿನಾ ಮನೆಯಲ್ಲಿ 45 ನಿಮಿಷದ ಅಭ್ಯಾಸ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಸೇರುವವರಿಗೆ ಇದು ಆಗುತ್ತದಾ? ಆಗುತ್ತದೆ ಅನ್ನುವವರಿಗೆ ಇದು ಒಳ್ಳೆಯ ದಾರಿ. ಹಾಸಿಗೆಯಿಂದ ಏಳೋದೇ ಕಷ್ಟ ಆಗಿರುವವರಿಗೆ "ಪ್ರಾಣಾಯಾಮ ಮಾಡು, ಎಲ್ಲ ಸರಿಹೋಗುತ್ತೆ" ಅನ್ನೋದು ಅನ್ಯಾಯ.

ಥೆರಪಿ: ನಿಧಾನ, ಆದರೆ ಉಳಿಯುವಂಥದ್ದು

ಆತಂಕಕ್ಕೆ ಹೆಚ್ಚು ಪುರಾವೆ ಇರುವ ಥೆರಪಿ ಅಂದರೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ). ಸುಮ್ನೆ ಕೂತು ಮನಸ್ಸು ಹಗುರ ಮಾಡಿಕೊಳ್ಳೋದಲ್ಲ ಅದು. ಹೋಮ್‌ವರ್ಕ್ ಇರುತ್ತದೆ. ಭಯ ಹುಟ್ಟಿದಾಗ ತಲೆಯಲ್ಲಿ ಬರುವ ಮಾತನ್ನು ಬರೆದು, ಅದು ಎಷ್ಟು ನಿಜ ಅಂತ ಪರೀಕ್ಷೆ ಮಾಡುತ್ತಾರೆ. ಆಮೇಲೆ ಬಿಟ್ಟುಬಿಟ್ಟ ಕೆಲಸಗಳಿಗೆ ಸ್ವಲ್ಪ ಸ್ವಲ್ಪವಾಗಿ ವಾಪಸ್ ಕರೆದುಕೊಂಡು ಹೋಗುತ್ತಾರೆ. ನನ್ನ ತಮ್ಮನಿಗೆ ಮೊದಲ ಕೆಲಸ ಪ್ಲಾಟ್‌ಫಾರ್ಮ್ ಮೇಲೆ ನಿಂತು ಎದೆಬಡಿತ ತಾನಾಗಿ ಇಳಿಯುವವರೆಗೂ ಕಾಯೋದು. ಪ್ಯಾನಿಕ್, ಅಂದರೆ ಇದ್ದಕ್ಕಿದ್ದ ಹಾಗೆ ಬರುವ ವಿಪರೀತ ಗಾಬರಿ, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಹೋಗಿ ಆಮೇಲೆ ಇಳಿಯುತ್ತದೆ. ಇದನ್ನು ಯಾರೋ ಹೇಳಿದರೆ ಸಾಲದು, ನಿಂತು ನೋಡಬೇಕು. ಮುಂದಿನ ವಾರ ಡೊಂಬಿವಲಿಯಿಂದ ಕೋಪರ್‌ಗೆ ಒಂದೇ ಸ್ಟೇಷನ್. ಆಮೇಲೆ ಥಾಣೆ.

ಸಾಮಾನ್ಯವಾಗಿ 12ರಿಂದ 20 ಸೆಷನ್ ಬೇಕು. ಆತಂಕ ಇಳಿಸೋದರಲ್ಲಿ ಸಿಬಿಟಿಯೂ ಮಾತ್ರೆಯೂ ಹೆಚ್ಚುಕಡಿಮೆ ಸಮ. ಸಿಬಿಟಿಯ ದೊಡ್ಡ ಲಾಭ ಏನೆಂದರೆ ಮುಗಿದ ಮೇಲೂ ಕಲಿತದ್ದು ಕೈಯಲ್ಲಿರುತ್ತದೆ. ಮಾತ್ರೆ ನಿಲ್ಲಿಸಿದವರಲ್ಲಿ ಆತಂಕ ವಾಪಸ್ ಬರುವ ಸಾಧ್ಯತೆ ಅದಕ್ಕಿಂತ ಹೆಚ್ಚು.

ಕಷ್ಟಗಳೂ ಇವೆ. ಮುಂಬೈಯಲ್ಲಿ ಖಾಸಗಿ ಥೆರಪಿಗೆ ವಾರ ವಾರ ದುಡ್ಡು ಬೇಕು, ಸಮಯ ಬೇಕು. ತರಬೇತಿ ಇಲ್ಲದವರೂ ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡಿರುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇರಬೇಕು, ಕೇಳೋದಕ್ಕೆ ಸಂಕೋಚ ಬೇಡ. ಇನ್ನು ಭಾಷೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹಿಂದಿ, ಮರಾಠಿ ಸಲೀಸು. ಊರಿಂದ ಬಂದು ಮನೆಯಲ್ಲೇ ಇರುವ ಅತ್ತೆಗೋ ಅತ್ತಿಗೆಗೋ "ಹೊಟ್ಟೆಯೊಳಗೆ ಏನೋ ಸಂಕಟ, ಜೀವ ನಿಲ್ತಾ ಇಲ್ಲ" ಅನ್ನೋದನ್ನು ಹಿಂದಿಯಲ್ಲಿ ಹೇಳೋಕೆ ಬರಲ್ಲ. ಮಗ ಪಕ್ಕದಲ್ಲಿ ಕೂತು ಅನುವಾದ ಮಾಡಿದರೆ ಅವರು ಅರ್ಧ ವಿಷಯ ಹೇಳಲ್ಲ. ಅಂಥವರಿಗೆ ಕರ್ನಾಟಕದಲ್ಲಿರುವ ಕನ್ನಡದ ಥೆರಪಿಸ್ಟ್ ಜೊತೆ ವಿಡಿಯೋ ಕಾಲ್ ಎಷ್ಟೋ ಮೇಲು.

ಮಾತ್ರೆ: ಏನು ಕೊಡುತ್ತದೆ, ಏನು ಕೇಳುತ್ತದೆ

"ನನಗೆ ಡಿಪ್ರೆಷನ್ ಇಲ್ವಲ್ಲ, ಇದ್ಯಾಕೆ?" ಅಂತ ಬಹಳ ಜನ ಕೇಳುತ್ತಾರೆ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಇವೆಲ್ಲ ಖಿನ್ನತೆಗೂ ಕೊಡುವ ಮಾತ್ರೆಗಳೇ. ಆದರೆ ಸದಾ ಚಿಂತೆ, ಪ್ಯಾನಿಕ್, ಜನರ ಮುಂದೆ ಬರುವ ವಿಪರೀತ ಭಯ ಇವಕ್ಕೂ ಪ್ರಪಂಚದಾದ್ಯಂತ ಮೊದಲು ಕೊಡೋದು ಇವನ್ನೇ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಸಮಯದ ಲೆಕ್ಕ. ತಲೆನೋವಿನ ಮಾತ್ರೆಯ ಹಾಗೆ ಅರ್ಧ ಗಂಟೆಯಲ್ಲಿ ಗೊತ್ತಾಗಲ್ಲ. ಗುಣ ಕಾಣೋದಕ್ಕೆ ಎರಡರಿಂದ ಆರು ವಾರ ಬೇಕು. ಅದಕ್ಕಿಂತ ಮುಖ್ಯವಾದದ್ದು, ಮೊದಲ ಒಂದೆರಡು ವಾರ ಕೆಲವರಿಗೆ ಆತಂಕ ಜಾಸ್ತಿಯೇ ಆಗುತ್ತದೆ. ವಾಕರಿಕೆ, ತಲೆನೋವು, ಚಡಪಡಿಕೆ, ನಿದ್ದೆ ಕೆಡೋದು. ಮೊದಲೇ ಹೆದರಿದ ಜೀವ. ಎದೆ ಇನ್ನೂ ಜೋರಾಗಿ ಹೊಡೆದುಕೊಂಡರೆ ಮಾತ್ರೆ ಒಗ್ಗಲಿಲ್ಲ ಅಂತ ನಾಲ್ಕನೇ ದಿನಕ್ಕೆ ನಿಲ್ಲಿಸಿಬಿಡುತ್ತಾರೆ. ಹೀಗಾಗಬಹುದು ಅಂತ ಮೊದಲೇ ಯಾರಾದರೂ ಕೂರಿಸಿ ಹೇಳಿದ್ದರೆ ಎಷ್ಟೋ ಜನ ಆ ಎರಡು ವಾರ ದಾಟುತ್ತಿದ್ದರು. ಇದು ನನಗೆ ಬಹಳ ಬೇಜಾರಿನ ಸಂಗತಿ.

ಅದಕ್ಕೇ ಆತಂಕ ಇದ್ದವರಿಗೆ ಸಣ್ಣ ಡೋಸಿನಿಂದ ಶುರು ಮಾಡುತ್ತಾರೆ. ಎಸ್ಸಿಟಾಲೊಪ್ರಾಮ್ ಆದರೆ 5 ಮಿಲಿಗ್ರಾಂ, ಒಂದು ವಾರ ಬಿಟ್ಟು 10. ಸರ್ಟ್ರಾಲಿನ್ ಆದರೆ 25, ಆಮೇಲೆ 50. ನಿಮ್ಮ ಚೀಟಿಯಲ್ಲಿ ಮೊದಲ ದಿನದಿಂದಲೇ ದೊಡ್ಡ ಡೋಸ್ ಇದ್ದರೆ "ಕಡಿಮೆಯಿಂದ ಶುರು ಮಾಡಬಹುದಾ ಡಾಕ್ಟ್ರೇ?" ಅಂತ ಧಾರಾಳವಾಗಿ ಕೇಳಿ. ನನ್ನ ತಮ್ಮ ತಿಂಡಿ ಆದ ಮೇಲೆ ಅರ್ಧ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಅಮ್ಮ ಹಾಲಿನ ಲೆಕ್ಕ ಬರೆಯುವ ಕಾಲನಿರ್ಣಯ ಕ್ಯಾಲೆಂಡರಿನ ಚೌಕದಲ್ಲೇ ಅವನದೂ ಎರಡು ಅಂಕಿ: ಎಷ್ಟು ಗಂಟೆ ನಿದ್ದೆ, ಹತ್ತು ಅಂಕಕ್ಕೆ ಎಷ್ಟು ಗಾಬರಿ. ದಿನದಿಂದ ದಿನಕ್ಕೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಹಾಳೆ ತಿರುಗಿಸಿ ಹಿಂದಿನ ತಿಂಗಳು ನೋಡಿದಾಗ ಕಂಡಿತು. ಡಾಕ್ಟರಿಗೂ ಆ ಹಾಳೆಯ ಫೋಟೋ ತೋರಿಸಿದೆವು. "ಹೇಗಿದೆ?" ಅಂದರೆ "ಪರವಾಗಿಲ್ಲ" ಅನ್ನುವ ನಮ್ಮ ಅಭ್ಯಾಸಕ್ಕಿಂತ ಅದು ಎಷ್ಟೋ ಉಪಯೋಗ ಆಯಿತು.

ಯಾರೂ ಬಾಯಿಬಿಟ್ಟು ಹೇಳದ ಅಡ್ಡ ಪರಿಣಾಮ ಒಂದಿದೆ: ಲೈಂಗಿಕ ಆಸಕ್ತಿ ಕಡಿಮೆಯಾಗೋದು, ತೃಪ್ತಿ ತಡವಾಗೋದು. ಇದು ಅಪರೂಪ ಅಲ್ಲ. ವಾಕರಿಕೆಯ ಹಾಗೆ ವಾರದಲ್ಲಿ ಹೋಗುವಂಥದ್ದೂ ಅಲ್ಲ. ಎಷ್ಟೋ ಗಂಡಸರು ಹೇಳೋಕೆ ನಾಚಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಹೆಂಗಸರು ಹೇಳೋದೇ ಇಲ್ಲ. ಡಾಕ್ಟರಿಗೆ ಹೇಳಿದರೆ ಡೋಸ್ ಬದಲಿಸಬಹುದು, ಬೇರೆ ಮಾತ್ರೆ ಕೊಡಬಹುದು. ಬೆವರು ಜಾಸ್ತಿ ಆಗೋದು, ತೂಕದಲ್ಲಿ ಸ್ವಲ್ಪ ಏರುಪೇರು ಕೂಡ ಇರುತ್ತದೆ. ಮೊದಲ ಮಾತ್ರೆ ಹಿಡಿಯದೆ ಎರಡನೆಯದಕ್ಕೆ ಹೋಗಬೇಕಾದವರೂ ಬೇಕಾದಷ್ಟಿದ್ದಾರೆ.

25ಕ್ಕಿಂತ ಚಿಕ್ಕವರಿದ್ದರೆ ಮನೆಯವರು ಇನ್ನೊಂದು ವಿಷಯ ತಿಳಿದಿರಬೇಕು. ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗ, ಈ ವಯಸ್ಸಿನ ಕೆಲವರಲ್ಲಿ ಸಾಯುವ ಯೋಚನೆ ಹೆಚ್ಚಾಗಬಹುದು. ಅಮೆರಿಕದ ಔಷಧ ಇಲಾಖೆ 2004ರಲ್ಲಿ ಮಕ್ಕಳ ವಿಷಯದಲ್ಲಿ ಈ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಮಾತ್ರೆ ಕೊಡಲೇಬಾರದು ಅಂತ ಇದರ ಅರ್ಥ ಅಲ್ಲ. ಆ ವಾರಗಳಲ್ಲಿ ಒಬ್ಬರು ಜೊತೆಗಿರಬೇಕು, "ಸಾಯಬೇಕು ಅನ್ನಿಸ್ತಿದ್ಯಾ?" ಅಂತ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನೋದು ಸುಳ್ಳು. ಹೌದು ಅಂದರೆ ಅವರನ್ನು ಒಂಟಿ ಬಿಡಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಇಲ್ಲವೇ ಆಸ್ಪತ್ರೆಯ ಕ್ಯಾಶುಅಲ್ಟಿಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಶುರು ಮಾಡುವ ಮೊದಲು ಡಾಕ್ಟರಿಗೆ ಹೇಳಲೇಬೇಕಾದ ಕೆಲವು ವಿಷಯ ಇವೆ. ನಿಮಗಾಗಲಿ ಮನೆತನದಲ್ಲಾಗಲಿ ಬೈಪೋಲಾರ್ ಇದ್ದರೆ, ಅಂದರೆ ಕೆಲವು ದಿನ ನಿದ್ದೆಯಿಲ್ಲದೆ ವಿಪರೀತ ಉತ್ಸಾಹ, ವಿಪರೀತ ಖರ್ಚು ಅಂತ ಇದ್ದದ್ದಿದ್ದರೆ ಹೇಳಿ. ಈ ಮಾತ್ರೆ ಒಂದನ್ನೇ ಕೊಟ್ಟರೆ ಅದು ಕೆರಳಬಹುದು. ಬಸುರಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಹೇಳಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಹೆದರಿ ನೀವಾಗಿ ನಿಲ್ಲಿಸಬೇಡಿ. ಮೊಣಕಾಲು ನೋವಿಗೆ ದಿನಾ ಡೈಕ್ಲೋಫೆನಾಕ್ ನುಂಗುವವರು, ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು ಹೇಳಬೇಕು, ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚುತ್ತದೆ. ಟ್ರಮಡಾಲ್ ನೋವಿನ ಮಾತ್ರೆಯಂತೂ ಇದರ ಜೊತೆ ಅಪಾಯ. ವಯಸ್ಸಾದವರಲ್ಲಿ ಸೋಡಿಯಂ ಇಳಿಯಬಹುದು. ಅಜ್ಜಿ ಮಾತ್ರೆ ಶುರು ಮಾಡಿದ ಮೇಲೆ ಮಂಕಾದರೆ, ಗೊಂದಲ ಮಾಡಿಕೊಂಡರೆ ರಕ್ತ ಪರೀಕ್ಷೆ ಮಾಡಿಸಿ. ಅಶ್ವಗಂಧದ ಪುಡಿಯಂಥದ್ದನ್ನೂ ಹೇಳಿ, ಅದು ಥೈರಾಯ್ಡ್ ಮಟ್ಟ ಏರಿಸಬಹುದು.

ಆ ಅರ್ಧ ಗುಳಿಗೆ

ಕ್ಲೊನಾಜೆಪಾಮ್, ಆಲ್ಪ್ರಜೊಲಾಮ್. ಗಾಬರಿಗೆ ಇವು ಅರ್ಧ-ಮುಕ್ಕಾಲು ಗಂಟೆಯಲ್ಲಿ ಕೆಲಸ ಮಾಡುತ್ತವೆ. ಅದೇ ಇವುಗಳ ಆಕರ್ಷಣೆ, ಅದೇ ಅಪಾಯ. ದಿನಾ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ದೇಹ ಒಗ್ಗಿಕೊಳ್ಳುತ್ತದೆ. ಆಮೇಲೆ ಅದೇ ಡೋಸ್ ಸಾಲಲ್ಲ. ಒಮ್ಮೆಲೇ ನಿಲ್ಲಿಸಿದರೆ ಆತಂಕ ಮೊದಲಿಗಿಂತ ಜೋರಾಗಿ ಬರುತ್ತದೆ, ಫಿಟ್ಸ್ ಕೂಡ ಬರಬಹುದು. ವಯಸ್ಸಾದವರು ರಾತ್ರಿ ಬಾತ್‌ರೂಮಿಗೆ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಮದ್ಯದ ಜೊತೆ ಸೇರಿದರೆ ಉಸಿರಿಗೇ ಅಪಾಯ.

ನಮ್ಮ ಅಮ್ಮಂದಿರು "ಬಿಡ್ಲಿಕ್ಕೆ ಆಗುದಿಲ್ಲ" ಅಂತ ಹೆದರೋದು ನಿಜವಾಗಿ ಈ ಜಾತಿಯ ಮಾತ್ರೆಗೆ. ಆ ಹೆದರಿಕೆಯಲ್ಲಿ ನ್ಯಾಯ ಇದೆ. ವಿಪರ್ಯಾಸ ಏನೆಂದರೆ ಎಸ್ಸಿಟಾಲೊಪ್ರಾಮ್ ಬೇಡ ಅಂತ ಹಟ ಹಿಡಿದವರೇ ವರ್ಷಗಟ್ಟಲೆ ಈ ಅರ್ಧ ಗುಳಿಗೆಯ ಮೇಲಿರುತ್ತಾರೆ. ಇವನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. ಆಲ್ಪ್ರಜೊಲಾಮ್ ಅಂತೂ 2014ರಿಂದ ಎಚ್1 ಅನ್ನುವ ಕಟ್ಟುನಿಟ್ಟಿನ ಔಷಧ ಪಟ್ಟಿಯಲ್ಲಿದೆ, ಅದನ್ನು ಮಾರಿದರೆ ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದಿಡಬೇಕು. ಮೊದಲ ಎರಡು ಮೂರು ವಾರ, ಇನ್ನೊಂದು ಮಾತ್ರೆ ಹಿಡಿಯುವವರೆಗೆ, ಆಸರೆಗೆ ಅಂತ ಡಾಕ್ಟರ್ ಕೊಟ್ಟರೆ ಅದು ಸರಿಯಾದ ಬಳಕೆಯೇ. ಯಾವ ದಿನ ನಿಲ್ಲಿಸೋದು ಅಂತ ಆಗಲೇ ಬರೆಸಿಕೊಳ್ಳಿ.

ಒಂದು ಕೆಲಸ ಈಗಲೇ ಮಾಡಿ. ನಿಮ್ಮ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ನಮ್ಮಲ್ಲಿ ಎಸ್ಸಿಟಾಲೊಪ್ರಾಮ್ ಮತ್ತು ಕ್ಲೊನಾಜೆಪಾಮ್ ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುವುದು ಬಹಳ ಇದೆ. ಅಂಥದ್ದಾದರೆ ಒಂದನ್ನು ಬಿಟ್ಟು ಇನ್ನೊಂದನ್ನು ಮುಂದುವರಿಸೋಕೆ ಆಗಲ್ಲ. ಬೇರೆ ಬೇರೆಯಾಗಿ ಬರೆದುಕೊಡಿ ಅಂತ ಕೇಳಿ.

ಹಾಗಾದರೆ ಎಷ್ಟು ದಿನ? ಬಿಡೋದು ಹೇಗೆ?

ಚೆನ್ನಾಗಾದ ಮೇಲೂ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ ಅನ್ನುತ್ತಾರೆ. ಬೇಗ ನಿಲ್ಲಿಸಿದವರಲ್ಲಿ ಕಾಯಿಲೆ ಮರಳುವುದು ಜಾಸ್ತಿ. ಈ ಮಾತ್ರೆಗಳಿಗೆ ಹಂಬಲ ಹುಟ್ಟಲ್ಲ, ಡೋಸ್ ಏರಿಸುತ್ತಲೇ ಹೋಗಬೇಕು ಅಂತಲೂ ಇಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತೊಂದರೆ ಇಲ್ಲ ಅಂದರೆ ಅದೂ ಸುಳ್ಳು. ತಲೆಸುತ್ತು, ತಲೆಯೊಳಗೆ ಸಣ್ಣಗೆ ಕರೆಂಟ್ ಹೊಡೆದ ಹಾಗೆ ಆಗೋದು, ಸಿಡುಕು, ಚಿತ್ರವಿಚಿತ್ರ ಕನಸು ಬರುತ್ತವೆ. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಲ್ಲಿ ಹೆಚ್ಚು. ಫ್ಲುಒಕ್ಸೆಟಿನ್‌ನಲ್ಲಿ ಕಡಿಮೆ, ಅದು ದೇಹದಿಂದ ನಿಧಾನ ಇಳಿಯುತ್ತದೆ. ಅದಕ್ಕೇ ಡಾಕ್ಟರ್ ಹೇಳಿದ ಹಾಗೆ ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಬೇಕು. ಊರಿಗೆ ಹೋಗುವಾಗ ಸ್ಟ್ರಿಪ್ ಮರೆತು ನಾಲ್ಕು ದಿನ ಹಾಗೇ ಕಳೆಯೋದು, ಗಣೇಶ ಹಬ್ಬದ ಗಡಿಬಿಡಿಯಲ್ಲಿ ಮಾತ್ರೆ ಮುಗಿದದ್ದು ಗೊತ್ತಾಗದೇ ಇರೋದು, ಇಂಥದ್ದರಿಂದಲೂ ಇದೇ ತೊಂದರೆ ಬರುತ್ತದೆ. ಒಂದು ವಾರದ್ದು ಹೆಚ್ಚಿಗೆ ಇಟ್ಟುಕೊಂಡಿರಿ.

ಯಾರಿಗೆ ಯಾವುದು?

ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಕೆಲಸಕ್ಕೆ ಹೋಗುತ್ತಿದ್ದೀರಿ, ಒದ್ದಾಡುತ್ತಿದ್ದೀರಿ, ಆದರೆ ಹೋಮ್‌ವರ್ಕ್ ಮಾಡುವಷ್ಟು ಚೈತನ್ಯ ಇದೆ, ಒಳ್ಳೆಯ ಥೆರಪಿಸ್ಟ್ ಸಿಕ್ಕಿದ್ದಾರೆ: ಎರಡು ಮೂರು ತಿಂಗಳು ಅದನ್ನೇ ಮಾಡಿ ನೋಡಿ. ಬಸುರಿಯಾಗುವ ಯೋಚನೆ ಇರುವವರಿಗೂ, ಅಡ್ಡ ಪರಿಣಾಮ ಅಂದರೇ ನಡುಗುವವರಿಗೂ ಇದೇ ಮೊದಲ ದಾರಿ ಆಗಬಹುದು.

ಮನೆಯಿಂದ ಹೊರಗೆ ಕಾಲಿಡೋಕಾಗುತ್ತಿಲ್ಲ, ನಿದ್ದೆ ಇಲ್ಲ, ತೂಕ ಇಳಿಯುತ್ತಿದೆ, ಕೆಲಸ ಹೋಗುವ ಹಂತ, ಜೊತೆಗೆ ಖಿನ್ನತೆಯೂ ಸೇರಿದೆ, ಥೆರಪಿಗೆ ಹೋದರೂ ಅವರು ಹೇಳಿದ್ದು ತಲೆಗೇ ಹೋಗುತ್ತಿಲ್ಲ: ಮಾತ್ರೆ ತಡ ಮಾಡಬೇಡಿ. ಭಯ ಅಷ್ಟಿರುವಾಗ ಪ್ಲಾಟ್‌ಫಾರ್ಮ್ ಮೇಲೆ ನಿಲ್ಲು ಅಂದರೆ ಯಾರಿಂದ ಆಗುತ್ತದೆ? ಮಾತ್ರೆ ಗಾಬರಿಯನ್ನು ಒಂಬತ್ತರಿಂದ ಐದಕ್ಕೆ ಇಳಿಸಿದರೆ ಆಗ ಥೆರಪಿಯ ಕೆಲಸ ಮಾಡೋಕೆ ಸಾಧ್ಯ. ನನ್ನ ತಮ್ಮನಿಗೆ ಆದದ್ದು ಹೀಗೆಯೇ. ಕೋಪರ್‌ವರೆಗಿನ ಆ ಒಂದು ಸ್ಟೇಷನ್ ಮಾತ್ರೆ ಹಿಡಿದ ಮೇಲೆಯೇ ಆದದ್ದು.

ಎಲ್ಲಿಗೆ ಹೋಗೋದು

ದುಡ್ಡಿನ ಯೋಚನೆ ಇದ್ದರೆ ಪರೇಲಿನ ಕೆಇಎಂ, ಸಯನ್ ಆಸ್ಪತ್ರೆ, ಮುಂಬೈ ಸೆಂಟ್ರಲ್ ಹತ್ತಿರದ ನಾಯರ್, ಬೈಕಲಾದ ಜೆಜೆ, ಎಲ್ಲ ಕಡೆ ಸೈಕಿಯಾಟ್ರಿ ಓಪಿಡಿ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಕಾಯಬೇಕು. ಡಾಕ್ಟರ್ ಸಿಗುವ ಸಮಯ ಕಡಿಮೆ, ಹಾಗಾಗಿ ತೊಂದರೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮಾತ್ರೆಗಳು ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಮಾತ್ರೆ ಬರೆಯೋದು ಸೈಕಿಯಾಟ್ರಿಸ್ಟ್ ಕೆಲಸ, ಸೈಕಾಲಜಿಸ್ಟ್ ಬರೆಯುವಂತಿಲ್ಲ.

ಮದುವೆಗೆ ಬಂದ ಹುಡುಗಿ, ಜನಕ್ಕೆ ಗೊತ್ತಾದರೆ ಏನು ಗತಿ ಅಂತ ಚಿಕಿತ್ಸೆ ಮುಂದೂಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರೋದು ನಿಮ್ಮ ಹಕ್ಕು. ವಿಮೆ ಕಂಪನಿಗಳೂ ಮಾನಸಿಕ ಕಾಯಿಲೆಯನ್ನು ದೇಹದ ಕಾಯಿಲೆಯ ಹಾಗೆಯೇ ನೋಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಓಪಿಡಿ ಖರ್ಚು ಸಿಗುತ್ತದಾ ಅನ್ನೋದು ಪಾಲಿಸಿ ಮೇಲೆ ಹೋಗುತ್ತದೆ.

ಡಾಕ್ಟರ ಹತ್ತಿರ ಹೋದಾಗ ಇಷ್ಟು ಕೇಳಿ: ನನ್ನದು ಯಾವ ಆತಂಕ? ಈ ಮಾತ್ರೆಯೇ ಯಾಕೆ? ಮೊದಲ ಎರಡು ವಾರ ಏನಾಗಬಹುದು, ಆಗ ಯಾವ ನಂಬರಿಗೆ ಫೋನ್ ಮಾಡಲಿ? ಆರು ವಾರದಲ್ಲಿ ಗುಣ ಕಾಣದಿದ್ದರೆ ಮುಂದೇನು? ಯಾವಾಗ ಇಳಿಸೋದು? ಇನ್ನೆರಡು ವಾರದೊಳಗಿನ ಮುಂದಿನ ತಾರೀಖು ಗೊತ್ತು ಮಾಡಿಕೊಂಡೇ ಹೊರಗೆ ಬನ್ನಿ.